ಸೊಂಟ ಐವತ್ತೆರಡು

ಟೈಲರನಿಗೆ ಹುಟ್ಟುಹಬ್ಬ ಅಂತ ಒಂದನ್ನು ದಯಪಾಲಿಸಿದ್ದೇ ಮೊಬೈಲ್ ಕಂಪನಿ. ತಮಾಷೆಗೆ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಮೊದಲ ಸಿಮ್ಮಿಗೆ ಅರ್ಜಿ ತುಂಬುವಾಗ ಕೌಂಟರಿನ ಹಿಂದಿದ್ದಾಕೆ "ಹುಟ್ಟಿದ ತಾರೀಖು?" ಎಂದು ಕೇಳಿದಳು. ಗೊತ್ತಿದ್ದರೆ ತಾನೆ ಹೇಳುವುದು! "ನೀನು ಹುಟ್ಟಿದ ದಿನ ಗಾಳಿಗೆ ಮನೆ ಮೇಲಿನ ತಗಡು ಹಾರಿಹೋಯ್ತು" ಎಂದು ತಾಯಿ ಹೇಳಿದ್ದಷ್ಟೇ ಅವನಿಗೆ ನೆನಪು. ತಗಡು ಹಾರಿದ್ದಕ್ಕೆ ಸಾಕ್ಷಿಗಳಿದ್ದರು, ತಾರೀಖಿಗೆ ಇರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಆ ಬೆಳಿಗ್ಗೆ ಅವನು ಹೊಲಿದು ಮುಗಿಸಿದ್ದ ಅಂಗಿಯ ಕಾಲರು ಹದಿನಾರು ಇಂಚು. ಬಾಯಿಗೆ ಬಂದದ್ದೂ ಅದೇ. "ಹದಿನಾರು. ಇದೇ ತಿಂಗಳು ಅಂತ ಬರ್ಕೊಳ್ಳಿ" ಎಂದುಬಿಟ್ಟ.

ಕಂಪನಿ ಅದನ್ನು ನಂಬಿತು. ಮರುವರ್ಷ ಹದಿನಾರನೇ ತಾರೀಖು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನು ಬಂತು. ಆ ಕಡೆ ಇದ್ದದ್ದು ರೆಕಾರ್ಡು ಮಾಡಿದ್ದಲ್ಲ, ನಡುವೆ ಒಮ್ಮೆ ಕೆಮ್ಮಿದ ನಿಜವಾದ ಹೆಣ್ಣುಮಗಳ ಧ್ವನಿ. "ನಮ್ಮ ಚಿನ್ನದ ಗ್ರಾಹಕರಿಗೆ ಹುಟ್ಟುಹಬ್ಬದ ಶುಭಾಶಯಗಳು" ಎಂದಳು. ಅಷ್ಟು ವರ್ಷ ಬದುಕಿದವನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಟೈಲರು ಫೋನು ಕೈಯಲ್ಲಿ ಹಿಡಿದು ಗಳಗಳ ಅತ್ತ. ಅಲ್ಲಿಂದ ಪ್ರತಿವರ್ಷ ಆ ದಿನ ಅವನು ಬೆಳಗಾಗುವ ಮೊದಲೇ ಎದ್ದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. "ಫೋನಲ್ಲಿ ಅಂಗಿ ಕಾಣಲ್ಲ ಕಣ್ರೀ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

ಬೀದಿಯವರು ಅವನನ್ನು ಕರೆಯುವುದು 'ನಾಳೆ ಟೈಲರ್' ಎಂದು. ಬಟ್ಟೆ ಕೊಟ್ಟವರು ಯಾವತ್ತು ಹೋಗಿ ಕೇಳಿದರೂ ಅವನದು ಒಂದೇ ಉತ್ತರ. ಪ್ಯಾಂಟು ಯಾವಾಗ? ನಾಳೆ. ಅಂಗಿ? ನಾಳೆ ಬನ್ನಿ. ನಿನ್ನೆ ನಾಳೆ ಅಂದಿದ್ರಲ್ಲ? ಹೌದು, ನಾಳೆ! ಆದರೆ ಕೈಗುಣ ಬಲು ಒಳ್ಳೆಯದು, ಅದನ್ನು ಅವನ ಶತ್ರುಗಳೂ ಒಪ್ಪುತ್ತಾರೆ.

ಇಂಥವನ ಚಿನ್ನದ ದಿನಗಳಿಗೆ ಈ ನಡುವೆ ಕುತ್ತು ಬಂದಿತ್ತು. ಮೊದಲು ಚಿನ್ನದ ಗ್ರಾಹಕರು ಕಂಪನಿಯ ಅಂಗಡಿಗೆ ಹೋದರೆ ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ. ಕೂರಲು ಕೆಂಪು ಕುರ್ಚಿ, ಕುಡಿಯಲು ತಣ್ಣಗಿನ ಹಣ್ಣಿನ ರಸ. ಒಂದು ವರ್ಷ ಹಣ್ಣಿನ ರಸ ಹೋಗಿ ನೀರು ಬಂತು. ಮುಂದಿನ ವರ್ಷ ನೀರು ಹೋಗಿ ಬರೀ ಲೋಟ ಉಳಿಯಿತು. ಟೈಲರು ಖಾಲಿ ಲೋಟವನ್ನೇ ಹಿಡಿದು ಗಾಂಭೀರ್ಯದಿಂದ ಕೂತು ಬಂದ. ಆಮೇಲೆ ಲೋಟವೂ ಹೋಯಿತು, ಅದರ ಹಿಂದೆಯೇ ಕುರ್ಚಿ. ಅದನ್ನೆಲ್ಲ ಅವನು ನುಂಗಿಕೊಂಡ. ಆದರೆ ಈ ತಿಂಗಳ ಮೊದಲ ವಾರ ಬಂದ ಸಂದೇಶ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. 'ಹುಟ್ಟುಹಬ್ಬದ ಕರೆ ಸೌಲಭ್ಯವನ್ನು ನಿಲ್ಲಿಸಲಾಗಿದೆ. ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದೇವೆ. ಸಹಕರಿಸಿ.' ಹದಿನಾರನೇ ತಾರೀಖಿಗೆ ಇನ್ನು ಎರಡು ವಾರವೂ ಇರಲಿಲ್ಲ.

"ಸಹಕರಿಸಬೇಕಂತೆ!" ಎಂದು ಬುಧವಾರ ಅವನು ಸ್ಟೇಷನ್ ಮಾಸ್ತರರ ಮುಂದೆ ಹರಿಹಾಯ್ದ. "ನನ್ನ ಹುಟ್ಟುಹಬ್ಬ ನಿಲ್ಸೋಕೆ ನಾನೇ ಸಹಕರಿಸಬೇಕಂತೆ ಸಾರ್!"

ಸ್ಟೇಷನ್ ಮಾಸ್ತರರು ನಿವೃತ್ತರಾಗಿ ಆರು ವರ್ಷವಾಗಿತ್ತು. ಆರಡಿ ಮೀರಿದ ಎತ್ತರ, ಮೈಮೇಲೆ ಮಾಂಸವೆಂಬುದು ಹೆಸರಿಗೆ ಮಾತ್ರ, ಮಾತು ಅದಕ್ಕಿಂತ ಕಡಿಮೆ. ಜೀವಮಾನವಿಡೀ ರೈಲುಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟವರು ನಾಳೆ ಟೈಲರಿಗೇ ಯಾಕೆ ಗಂಟುಬಿದ್ದರೋ ಬೀದಿಗೆ ಅರ್ಥವಾಗಿರಲಿಲ್ಲ. ಟೈಲರು ಸಿಮ್ ತೆಗೆದುಕೊಂಡ ವರ್ಷವೇ ಅಂಗಡಿ ತೆರೆದದ್ದು. ಬಾಗಿಲು ತೆರೆದ ದಿನ ಮೊದಲು ಒಳಗೆ ಬಂದವರು ಇವರೇ. ಅಂದಿನಿಂದ ಅವರ ಪ್ಯಾಂಟು ಬೇರೆಯವರ ಕತ್ತರಿ ಕಂಡಿಲ್ಲ. ಪ್ರತಿ ಬುಧವಾರ ಮೂರಕ್ಕೆ ಬಂದು, ಮುಕ್ಕಾಲಿಯ ಮೇಲೆ ಕೂತು, ಪೇಪರು ಓದಿ, ನಾಲ್ಕಕ್ಕೆ ಏಳುತ್ತಾರೆ. ಅವರು ಎದ್ದು ಹೋದರೆ ಟೈಲರು ಗಡಿಯಾರ ನೋಡದೆ ಚಹಾ ತರಿಸುತ್ತಾನೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳಲು ಅವನಿಗೆ ಇದ್ದ ಒಬ್ಬ ಮನುಷ್ಯ ಅವರು. ತಗಡು ಹಾರಿದ ಕತೆ, ಕಾಲರಿನ ಕತೆ, ಏಳು ಗಂಟೆಯ ಫೋನಿನ ಕತೆ ಎಲ್ಲ ಅವರಿಗೆ ಬಾಯಿಪಾಠ.

ಅಂದು ಅವರು ಬೂದು ಬಣ್ಣದ ಪ್ಯಾಂಟು ಬಟ್ಟೆ ತಂದಿದ್ದರು. "ಮುಂದಿನ ಗುರುವಾರಕ್ಕೆ ಬೇಕು" ಎಂದರು. "ಹಳೇ ಸಿಬ್ಬಂದಿಯವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೀತಾರೆ. ಸಂಜೆ ಐದೂವರೆ. ವೇಟಿಂಗ್ ರೂಮಿನ ಗೋಡೆಗೆ ಹಾಕ್ತಾರಂತೆ, ಕಾಯಂ ಆಗಿ."

"ಆಯ್ತು ಸಾರ್, ಗುರುವಾರ ಮೂರು ಗಂಟೆಗೆ ಬನ್ನಿ. ಹಾಕ್ಕೊಂಡೇ ಹೋಗೋರಂತೆ."

ಮಾಸ್ತರರು ಬಟ್ಟೆಯನ್ನು ಒಮ್ಮೆ ಸವರಿ, ಕೆಮ್ಮಿ, ಕೇಳಿದರು. "ಅರ್ಧ ಮೀಟರ್ ಜಾಸ್ತಿ ತಂದಿದ್ದೀನಿ. ಚೀಲ ಆಗುತ್ತಾ?"

ಮೊದಲೆಲ್ಲ ಟೈಲರು ಪ್ರತಿ ಪ್ಯಾಂಟಿನ ಜೊತೆ ಉಳಿದ ಬಟ್ಟೆಯಲ್ಲಿ ಒಂದು ಕೈಚೀಲ ಹೊಲಿದು ಕೊಡುತ್ತಿದ್ದ. ಪ್ಯಾಂಟಿನ ಒಳಗಡೆ ಒಂದು ಹೆಚ್ಚಿನ ಗುಂಡಿ ಹಾಕಿಸುತ್ತಿದ್ದ. ಮುಂದೆ ಬೇಕಾದೀತೆಂದು ಮಡಿಕೆಯೊಳಗೆ ಧಾರಾಳ ಬಟ್ಟೆ ಬಿಡಿಸುತ್ತಿದ್ದ. ಎರಡು ವರ್ಷದ ಹಿಂದೆ ಮೂರನ್ನೂ ಕೈಬಿಟ್ಟ.

"ಚೀಲ ಎಲ್ಲ ನಿಲ್ಲಿಸಿಬಿಟ್ವಲ್ಲ ಸಾರ್" ಎಂದ. "ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು. ಸ್ವಲ್ಪ ಸಹಕರಿಸಿ." ಮತ್ತೆ ಆ ಕ್ಷಣವೇ ಕಂಪನಿಯನ್ನು ಬಯ್ಯಲು ಶುರುಹಚ್ಚಿಕೊಂಡ. "ಹಳಬರು ಅಂದ್ರೆ ಅಷ್ಟು ಸಸಾರ ನೋಡಿ ಇವರಿಗೆ!"

ಸ್ಟೇಷನ್ ಮಾಸ್ತರರು ಪೇಪರು ಬಿಡಿಸಿದರು. ಪೇಪರಿನ ಮೇಲಿಂದ ಎದುರು ಸಾಲಿನ ಹೊಸ ರೆಡಿಮೇಡ್ ಅಂಗಡಿಯನ್ನು ಸ್ವಲ್ಪ ಹೊತ್ತು ನೋಡಿದರು. ಅದರ ಗಾಜಿನ ಬಾಗಿಲ ಮೇಲೆ 'ಹೊಸ ಗ್ರಾಹಕರಿಗೆ ಹಾರ್ದಿಕ ಸ್ವಾಗತ' ಎಂದು ಬರೆದಿತ್ತು. ಅವರು ಹಾಗೆ ನೋಡುತ್ತಿದ್ದುದು ಆ ವರ್ಷ ನಾಲ್ಕನೆಯ ಸಲ. ಟೈಲರು ನಾಲ್ಕು ಸಲವೂ ಗಮನಿಸಿದ್ದ, ಯಾಕೆಂದು ಮಾತ್ರ ಯೋಚಿಸಿರಲಿಲ್ಲ.

ಭಾನುವಾರ ಹೆಂಡತಿಯ ತಮ್ಮ ಬಂದ. ಕಂಪನಿ ಬದಲಾಯಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದೇ ಫೋನಿನಲ್ಲಿ ಎರಡು ಸಿಮ್ಮು, ಕಿಸೆಯಲ್ಲಿ ಇನ್ನೆರಡು. ತನ್ನ ನಂಬರು ಯಾವುದೆಂದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು.

"ಭಾವ, ನೀವು ಸುಮ್ನೆ ಭಾವುಕರಾಗ್ತೀರ" ಎಂದ. "ಈ ಕಂಪನಿಗಳು ಮುದ್ದು ಮಾಡೋದು ಹೊಸಬರನ್ನ ಮಾತ್ರ. ಬೀದಿ ಕೊನೇಲಿ ಹೊಸ ಕಂಪನಿ ಅಂಗಡಿ ತೆಗೆದಿದೆ ನೋಡಿ. ಅಲ್ಲಿ ಹೊಸಬರಿಗೆ ಕುರ್ಚಿ ಇದೆ, ಬಿಸ್ಕತ್ ಇದೆ, ಹುಟ್ಟುಹಬ್ಬಕ್ಕೆ ಫೋನೂ ಮಾಡ್ತಾರೆ. ಒಂದು ವರ್ಷ ರಾಜಮರ್ಯಾದೆ."

"ಒಂದು ವರ್ಷ ಆದ್ಮೇಲೆ?"

"ಆಮೇಲೆ ನೀವು ಹಳಬರು. ಆಗ ಬಿಟ್ಟು ಇನ್ನೊಂದು ಕಡೆ ಹೋಗಿ ಹೊಸಬರಾಗೋದು. ನಾನು ಹನ್ನೊಂದು ವರ್ಷದಿಂದ ಹೊಸಬನಾಗೇ ಇದ್ದೀನಿ!"

ಟೈಲರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಆದರೆ ಹುಟ್ಟುಹಬ್ಬಕ್ಕೆ ಫೋನು ಬರುವುದೆಂಬ ಮಾತು ಕಿವಿಯಲ್ಲೇ ಕೂತುಬಿಟ್ಟಿತು. ಹಾಗೆಂದು ದುಡುಕುವ ಮನುಷ್ಯನಲ್ಲ ಅವನು. ಅಳತೆ ತೆಗೆಯದೆ ಕತ್ತರಿ ಹಾಕಿದವನಲ್ಲ. ಬಾಮೈದನ ಫೋನಿಗೆ ಹೊಸ ಕಂಪನಿಯ ಸಿಮ್ ಹಾಕಿಸಿ, ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ತನ್ನದು, ಕೊರಳಲ್ಲಿ ಟೇಪು, ಅಂಗಡಿಯ ಸಿಗ್ನಲ್ ಅಳೆಯಲು ನಿಂತ.

"ಬರ್ಕೋ" ಎಂದ ಹೆಂಡತಿಗೆ. "ಇಸ್ತ್ರಿ ಟೇಬಲಿಂದ ಹದಿನಾಲ್ಕೂವರೆ ಇಂಚು ದೂರ, ನೆಲದಿಂದ ನಲವತ್ತು. ಹಳೇದು ಎರಡು ಕಡ್ಡಿ, ಹೊಸದು ಮೂರು."

"ಸಿಗ್ನಲ್‌ಗೆ ಅಂಗಿ ಹೊಲೀತೀರೇನ್ರೀ?"

"ತಮಾಷೆ ಮಾಡ್ಬೇಡ. ಕನ್ನಡಿ ಹತ್ರ, ಒಂಟಿ ಕಾಲಲ್ಲಿ ನಿಂತ್ರೆ, ಹಳೇದು ಒಂದೂವರೆ."

"ಅರ್ಧ ಕಡ್ಡಿ ಅಂತ ಇರಲ್ಲ ಭಾವ."

"ಟೈಲರನ ಕಣ್ಣಿಗೆ ಅರ್ಧ ಕಾಣುತ್ತೆ ಕಣೋ!"

ಸಂಜೆಯ ಹೊತ್ತಿಗೆ ಅಂಗಡಿಯ ನೆಲದ ತುಂಬ ಸೀಮೆಸುಣ್ಣದ ಗುರುತುಗಳು. ಲೆಕ್ಕ ಹಾಕಿದರೆ ಹೊಸ ಕಂಪನಿಯದು ಒಟ್ಟು ಒಂದು ಕಾಲು ಕಡ್ಡಿ ಮುಂದಿತ್ತು. ಟೈಲರು ಬಹಳ ಹೊತ್ತು ಟೇಪು ಸುತ್ತುತ್ತ ಕೂತು, ಕೊನೆಗೆ ಒಂದು ನಿಟ್ಟುಸಿರು ಬಿಟ್ಟು, "ಹೋಗೋದೇ ಸರಿ" ಎಂದ.

ಹೋಗುವುದು ಅಷ್ಟು ಸಲೀಸಲ್ಲ. ಅದೇ ನಂಬರು ಉಳಿಸಿಕೊಂಡು ಕಂಪನಿ ಬಿಡಬೇಕಾದರೆ ಹಳೆಯ ಕಂಪನಿಯಿಂದ ಎಂಟಂಕಿಯ ಗುಟ್ಟಿನ ಕೋಡು ಪಡೆಯಬೇಕು. ಅದನ್ನು ಫೋನಿನಲ್ಲಿ ಬಾಯಲ್ಲೇ ಹೇಳುತ್ತಾರೆ, ಅದೂ ಒಂದೇ ಸಲ. ಸೋಮವಾರ ಪಡೆದರೆ ಗುರುವಾರ ಸಂಜೆ ಐದರವರೆಗೆ ಅದಕ್ಕೆ ಜೀವ. ತಪ್ಪಿದರೆ ಮೂರು ತಿಂಗಳು ಮತ್ತೆ ಕೇಳುವಂತಿಲ್ಲ. ಇದನ್ನೆಲ್ಲ ವಿವರಿಸಿ, "ಗುರುವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲಿ ನಿಮ್ಮ ಹೆಬ್ಬೆಟ್ಟು ಬೇಕು, ನನ್ನದು ನಡೆಯಲ್ಲ" ಎಂದು ಬಾಮೈದ ಹೇಳಿಹೋದ.

ಇಲ್ಲಿ ಆ ಅಂಗಡಿಯ ಕೆಲಸದ ರೀತಿಯನ್ನು ಹೇಳಬೇಕು. ಟೈಲರು ಅಳತೆ ತೆಗೆಯುವವನು. ಕತ್ತರಿಸುವುದು, ಹೊಲಿಯುವುದು ಒಳಗಿನ ಕೋಣೆಯಲ್ಲಿ ಹೆಂಡತಿ. ಅಳತೆಯನ್ನು ಪುಸ್ತಕದಲ್ಲಿ ಬರೆಯುವ ಪದ್ಧತಿ ಅವರಲ್ಲಿಲ್ಲ. ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಅಂಕಿ, ಒಂದರ ಕೆಳಗೊಂದು: ಉದ್ದ, ಸೊಂಟ, ಸೀಟು, ಬಾಟಮ್. ಪುಸ್ತಕ ಕಳೆದುಹೋಗಬಹುದು, ಬಟ್ಟೆ ಎಲ್ಲಿಗೆ ಹೋಗುತ್ತೆ ಎಂಬುದು ಟೈಲರನ ವಾದ. ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಅಂಕಿ ತಪ್ಪಿರಬೇಕೆಂದು ತಾನೇ ತಿದ್ದಿ ಹೊಲಿದು, ಅದರಿಂದ ಮೂರು ದಿನ ಜಗಳವಾಗಿ, ಅಂದೇ ಕರಾರಾಗಿತ್ತು. ಅಳತೆ ಅವನದು, ಹೊಲಿಗೆ ಇವಳದು. ಬರೆದದ್ದನ್ನು ಬರೆದ ಹಾಗೆಯೇ ಹೊಲಿಯುವುದು.

ಸೋಮವಾರ ಮಧ್ಯಾಹ್ನ ಟೈಲರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಮೇಜು ಹಿಡಿದು ನಿಂತಿದ್ದ. "ನಿಮ್ಮ ಕೋಡನ್ನು ಬರೆದುಕೊಳ್ಳಿ" ಎಂದಿತು ಯಂತ್ರದ ಧ್ವನಿ. ಪೆನ್ನಿಗೆ ತಡಕಾಡಿದ, ಸಿಗಲಿಲ್ಲ. ಕೈಯಲ್ಲಿ ಸೀಮೆಸುಣ್ಣವಿತ್ತು, ಮುಂದೆ ಬೂದು ಬಟ್ಟೆಯಿತ್ತು. ಸ್ಟೇಷನ್ ಮಾಸ್ತರರ ಅಳತೆ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತಾದ್ದರಿಂದ ಇನ್ನೂ ಬರೆದಿರಲಿಲ್ಲ, ಹೆಸರಿನ ಚೀಟಿ ಮಾತ್ರ ಚುಚ್ಚಿದ್ದ. ಯಂತ್ರ ಹೇಳಿತು: ಮೂರು, ಆರು, ಐದು, ಎರಡು, ನಾಲ್ಕು, ಆರು, ಎರಡು, ನಾಲ್ಕು. ಟೈಲರನ ಕೈಗೆ ಅಂಕಿಗಳು ಜೋಡಿಯಾಗಿಯೇ ಬರುವುದು, ಅದೂ ಒಂದರ ಕೆಳಗೊಂದು. ಮೂವತ್ತಾರು, ಐವತ್ತೆರಡು, ನಲವತ್ತಾರು, ಇಪ್ಪತ್ತನಾಲ್ಕು. ಬರೆದು, ಅಭ್ಯಾಸಬಲದಿಂದ ಬಟ್ಟೆ ಮಡಿಸಿ, ಹೊಲಿಯಬೇಕಾದವುಗಳ ಮೇಲೆ ಇಟ್ಟ.

ಅಷ್ಟರಲ್ಲಿ ಒಬ್ಬಾಕೆ ಲೈನಿಗೆ ಬಂದಳು. "ಸರ್, ಇಪ್ಪತ್ತೆರಡು ವರ್ಷದಿಂದ ಇದ್ದೀರ, ಯಾಕೆ ಬಿಟ್ಟು ಹೋಗ್ತಿದ್ದೀರ?" ಟೈಲರನ ಮನಸ್ಸು ಬೆಣ್ಣೆಯಾಯಿತು. ಹಣ್ಣಿನ ರಸದಿಂದ ಹಿಡಿದು ತನ್ನ ದುಃಖವನ್ನೆಲ್ಲ ತೋಡಿಕೊಳ್ಳಲು ಬಾಯಿ ತೆರೆದ. "ನೀವು ನಮಗೆ ತುಂಬಾ ಮುಖ್ಯ ಸರ್, ಒಂದು ನಿಮಿಷ ಲೈನಲ್ಲೇ ಇರಿ" ಎಂದು ಆಕೆ ಪಿಟೀಲು ಸಂಗೀತ ಹಚ್ಚಿ ಹೋದಳು. ನಲವತ್ತು ನಿಮಿಷ ಪಿಟೀಲು ನುಡಿಯಿತು.

ಇಪ್ಪತ್ತನೇ ನಿಮಿಷದಲ್ಲಿ ಹೆಂಡತಿ ಒಳಗಿಂದ ಬೂದು ಬಟ್ಟೆ ಹಿಡಿದು ಬಂದಳು. "ರೀ, ಸ್ಟೇಷನ್ ಮಾಸ್ತರರಿಗೆ ಸೊಂಟ ಐವತ್ತೆರಡಾ?"

ಟೈಲರಿಗೆ ಕೇಳಿಸಿದ್ದು ಒಂದು ಕಿವಿಯಲ್ಲಿ ಪಿಟೀಲು, ಇನ್ನೊಂದರಲ್ಲಿ ತನ್ನ ಕೋಡಿನ ಐವತ್ತೆರಡು. "ಹೌದು, ಹೌದು! ಸರಿಯಾಗೇ ಇದೆ! ಅದನ್ನ ಅಳಿಸಬೇಡ!" ಎಂದು ಕೈಯಾಡಿಸಿದ.

"ಉದ್ದ ಮೂವತ್ತಾರು?"

"ಒಂದಂಕಿನೂ ಆಚೀಚೆ ಆಗಬಾರ್ದು!"

ಹೆಂಡತಿ ಅವನನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿದಳು. ಸಂಶಯ ಬಂತು. ಆದರೆ ಕರಾರು ಕರಾರೇ. ಅಳತೆ ಅವನದು. ಅವಳು ಒಳಗೆ ಹೋಗಿ ಕತ್ತರಿ ತೆಗೆದುಕೊಂಡಳು.

ಗುರುವಾರ ಮೂರಕ್ಕೆ ಸರಿಯಾಗಿ ಸ್ಟೇಷನ್ ಮಾಸ್ತರರು ಬಂದರು. ಪ್ಯಾಂಟು ಸಿದ್ಧವಾಗಿತ್ತು. ಆ ಅಂಗಡಿಯಲ್ಲಿ ಹೇಳಿದ ದಿನಕ್ಕೆ ಬಟ್ಟೆ ಸಿಕ್ಕಿದ್ದು ಅದೇ ಮೊದಲು, ಅದಕ್ಕೇ ಟೈಲರು ಎದೆಯುಬ್ಬಿಸಿ ನಿಂತಿದ್ದ. ಬಾಮೈದನೂ ಬಂದು ಬಾಗಿಲಲ್ಲಿ ಕೀಲಿಕೈ ತಿರುಗಿಸುತ್ತಿದ್ದ. ಮಾಸ್ತರರು ಪರದೆಯ ಹಿಂದೆ ಹೋದರು. ಆಮೇಲೆ ಪರದೆ ಸರಿಯಿತು.

ಪ್ಯಾಂಟಿನೊಳಗೆ ಮಾಸ್ತರರು ಇದ್ದರು, ಜೊತೆಗೆ ಇನ್ನೊಬ್ಬರು ಮಾಸ್ತರರಿಗೆ ಜಾಗವಿತ್ತು. ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದರು. ಪ್ಯಾಂಟಿನ ಕಾಲುಗಳು ಜಾತ್ರೆಯ ಡೇರೆಗಳ ಹಾಗೆ ಅಗಲವಾಗಿ ಇಳಿದು, ಪಾದದ ಗಂಟಿಗಿಂತ ಒಂದು ಗೇಣು ಮೇಲೆಯೇ ಮುಗಿದುಹೋಗಿದ್ದವು. ಅದರ ಕೆಳಗೆ ಅವರ ಕಂದು ಕಾಲುಚೀಲ, ಪಾಲಿಶ್ ಮಾಡಿದ ಬೂಟು. ಬಾಮೈದ ಬೆನ್ನು ತಿರುಗಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು.

"ಏನೇ ಇದು!" ಎಂದು ಟೈಲರು ಕಿರುಚಿದ.

ಹೆಂಡತಿ ಒಳಗಿನ ಕೋಣೆಯಿಂದ ಬಂದಳು. "ಮೂವತ್ತಾರು, ಐವತ್ತೆರಡು, ನಲವತ್ತಾರು, ಇಪ್ಪತ್ತನಾಲ್ಕು. ಎರಡು ಸಲ ಕೇಳಿದೆ. ಒಂದಂಕಿನೂ ಆಚೀಚೆ ಆಗಬಾರ್ದು ಅಂದ್ರಿ."

"ಅಯ್ಯೋ, ಅದು ಸೊಂಟ ಅಲ್ಲ ಕಣೇ, ನನ್ನ ಕೋಡು!" ಎಂದವನಿಗೆ ತಕ್ಷಣ ಇನ್ನೊಂದು ಸಿಡಿಲು ಬಡಿಯಿತು. ಕೋಡು ಬೇರೆಲ್ಲೂ ಬರೆದಿರಲಿಲ್ಲ. "ಸೀಮೆಸುಣ್ಣ ಎಲ್ಲಿ?"

"ಹೊಲಿದ ಮೇಲೆ ಬ್ರಷ್ ಹಾಕಿ ಉದುರಿಸಲ್ವಾ? ದಿನಾ ಮಾಡೋ ಕೆಲಸ."

"ಅಕ್ಕ ಈಗ ಹೇಳಿದ್ದೇ ಕೋಡಲ್ವಾ ಭಾವ?" ಎಂದ ಬಾಮೈದ. "ನಡೀರಿ."

ಆದರೆ ಅಳೆಯದೆ ನಂಬುವವನಲ್ಲ ಟೈಲರು, ಅದರಲ್ಲೂ ತಪ್ಪಿದರೆ ಮೂರು ತಿಂಗಳು. ಕೊರಳಿನ ಟೇಪು ಎಳೆದು, ಮಾಸ್ತರರ ಮುಂದೆ ಮಂಡಿಯೂರಿ, ಅವರು ತೊಟ್ಟ ಪ್ಯಾಂಟಿನಿಂದಲೇ ಕೋಡನ್ನು ಅಳೆದು ತೆಗೆಯತೊಡಗಿದ. "ಉದ್ದ ಮೂವತ್ತಾರು. ಬರ್ಕೊಳ್ಳೋ. ಸಾರ್, ಕೈ ಸ್ವಲ್ಪ ಮೇಲೆ. ಸೊಂಟ ಐವತ್ತೆರಡು, ಕೂದಲಷ್ಟೂ ವ್ಯತ್ಯಾಸ ಇಲ್ಲ. ಭೇಷ್! ಸಾರ್, ತಿರುಗಿ. ಸೀಟು ನಲವತ್ತಾರು." ಹೆಂಡತಿಯ ಹೊಲಿಗೆಯ ಬಗ್ಗೆ ಅವನಿಗೆ ಅಂಥ ಹೆಮ್ಮೆ ಎಂದೂ ಆಗಿರಲಿಲ್ಲ. ಬಾಟಮ್ ಅಳೆಯುವ ಹೊತ್ತಿಗೆ ಬಾಮೈದ ಅಂಗೈ ತುಂಬ ಕೋಡು ಬರೆದುಕೊಂಡಿದ್ದ.

"ಸಿಕ್ತು!" ಎಂದು ಟೈಲರು ತಲೆಯೆತ್ತಿದ. ಮೇಲೆ ಮಾಸ್ತರರ ಮುಖ ಕಂಡಿತು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಟೈಲರು ಹೇಗೋ ಸಂಭಾಳಿಸುತ್ತಿದ್ದ. ದಣಿವು ಮಾತ್ರ ಇತ್ತು, ಕೆಂಪು ಕುರ್ಚಿ ಹೋದ ದಿನ ಕಂಪನಿಯ ಅಂಗಡಿಯ ಗಾಜಿನಲ್ಲಿ ಅವನು ತನ್ನದೇ ಮುಖದ ಮೇಲೆ ನೋಡಿದ ದಣಿವು.

"ಪರವಾಗಿಲ್ಲ ಬಿಡಿ" ಎಂದರು ಮಾಸ್ತರರು. "ನೀವು ಹೊರಡಿ, ಐದಕ್ಕೆ ಮುಗಿಯುತ್ತಲ್ಲ ನಿಮ್ಮದು. ನಾನು ಎದುರಿನ ಅಂಗಡೀಲಿ ರೆಡಿಮೇಡ್ ತಗೋತೀನಿ. ಈಚೆಗೆ ಅದೇ ಯೋಚನೆ ಇತ್ತು. ಹೇಳೋಕೆ ಸಂಕೋಚ ಆಗ್ತಿತ್ತು."

"ಭಾವ, ಹೊತ್ತಾಗುತ್ತೆ" ಎಂದ ಬಾಮೈದ. "ಅಲ್ಲಿ ಉದ್ದ ಸಾಲಿದೆ."

ಮಾಸ್ತರರು ಸೊಂಟ ಬಿಗಿಹಿಡಿದುಕೊಂಡು ಪರದೆಯ ಕಡೆ ತಿರುಗಿದರು. ತಿರುಗುವಾಗ ಅಗಲವಾದ ಕಾಲಿನ ಅಂಚು ಮಗುಚಿಕೊಂಡಿತು. ಮಂಡಿಯೂರಿಯೇ ಇದ್ದ ಟೈಲರನ ಕಣ್ಣಿಗೆ ಅದರ ಒಳಮೈ ಬಿತ್ತು. ಕೈ ಹಾಕಿ ನೋಡಿದ. ಒಳಗೆ ನಾಲ್ಕು ಇಂಚು ಬಟ್ಟೆ ಮಡಚಿ ಬಿಟ್ಟಿತ್ತು. ಪಕ್ಕದಲ್ಲಿ, ಹೊಲಿಗೆಯ ಸಂದಿನಲ್ಲಿ, ಒಂದು ಹೆಚ್ಚಿನ ಗುಂಡಿ.

"ಇದನ್ನ ನಿಲ್ಲಿಸು ಅಂದಿದ್ನಲ್ಲೇ?" ಎಂದ ಹೆಂಡತಿಗೆ, ಸಣ್ಣ ದನಿಯಲ್ಲಿ.

"ನೀವಂದ್ರಿ. ನಾನು ನಿಲ್ಲಿಸಲಿಲ್ಲ" ಎಂದಳು. "ಅಳತೆ ನಿಮ್ಮದು. ಹೊಲಿಗೆ ನನ್ನದು. ಗುಂಡಿ ಹೊಲಿಗೆಗೆ ಸೇರಿದ್ದು. ಅವರ ಅರ್ಧ ಮೀಟರೂ ಎತ್ತಿಟ್ಟಿದ್ದೀನಿ. ಎರಡು ವರ್ಷದಿಂದ ಪ್ರತಿ ಸಲ ಜಾಸ್ತಿ ತರ್ತಾರೆ, ಚೀಲ ಸಿಗುತ್ತೇನೋ ಅಂತ. ನಿಮಗೆ ಅದು ಕಾಣಿಸಿದ್ರೆ ತಾನೆ? ನೀವು ಕಡ್ಡಿ ಎಣಿಸ್ತಿದ್ರಿ."

ಟೈಲರಿಗೆ ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಇಪ್ಪತ್ತೆರಡು ವರ್ಷದ ಮನುಷ್ಯನಿಗೆ ಅವನು ಖಾಲಿ ಲೋಟ ಕೊಟ್ಟು ಕೂರಿಸಿದ್ದ, ಮೇಲೆ ಸಹಕರಿಸಿ ಅಂದಿದ್ದ. ಗಡಿಯಾರ ನೋಡಿದ. ಮೂರು ಹತ್ತು. ಸೊಂಟ ಬಿಚ್ಚಿ ಇಪ್ಪತ್ತು ಇಂಚು ಇಳಿಸಬೇಕು, ಸೀಟು ಕಿರಿದು ಮಾಡಬೇಕು, ಕಾಲು ಇಳಿಬಿಟ್ಟು ಅಂಚಿಗೆ ತುಂಡು ಸೇರಿಸಿ, ಸೇರಿಸಿದ್ದು ಕಾಣದ ಹಾಗೆ ಮೇಲೆ ಮಡಿಕೆ ಕೊಡಬೇಕು. ಇಬ್ಬರು ಕೂತರೆ ಎರಡು ಗಂಟೆ. ಒಬ್ಬರಿಂದ ಆಗುವ ಮಾತಲ್ಲ. ಎರಡು ಗಂಟೆಯ ಹೊತ್ತಿಗೆ ಕೋಡು ಸತ್ತಿರುತ್ತದೆ, ಸೋಮವಾರ ಬರಲಿರುವ ಹದಿನಾರನೇ ತಾರೀಖು ಬೆಳಿಗ್ಗೆ ಏಳಕ್ಕೆ ಯಾರ ಫೋನೂ ಬರುವುದಿಲ್ಲ.

"ಸಾರ್" ಎಂದ. "ಪ್ಯಾಂಟು ಬಿಚ್ಚಿ ಕೊಡಿ."

"ನಾಳೆ ಅಂತೀರೇನು?"

"ಐದು ಹತ್ತಕ್ಕೆ ಕೊಡ್ತೀನಿ. ಸ್ಟೇಷನ್ನಿಗೆ ಹದಿನೈದು ನಿಮಿಷ. ಗಡಿಯಾರ ನೋಡ್ತಾ ಇಲ್ಲೇ ಕೂತ್ಕೊಳ್ಳಿ."

"ಭಾವ! ಕೋಡು?"

"ಕೈ ತೊಳ್ಕೊಳೋ" ಎಂದ ಟೈಲರು.

ಆಮೇಲಿನ ಎರಡು ಗಂಟೆ ಆ ಅಂಗಡಿಯಲ್ಲಿ ಬಿಡುವಿಲ್ಲದ ಕೆಲಸ. ಹೆಂಡತಿ ಹೊಲಿಗೆ ಬಿಚ್ಚಿದಳು, ಟೈಲರು ಕತ್ತರಿಸಿದ, ಅವಳು ಹೊಲಿದಳು, ಇವನು ಇಸ್ತ್ರಿ ಒತ್ತಿದ. ಬಾಮೈದ ಸುಮ್ಮನೆ ನಿಲ್ಲಲಾರದೆ ಸೂಜಿಗೆ ದಾರ ಪೋಣಿಸಿಕೊಟ್ಟ; ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅವನ ಜೀವನದಲ್ಲೇ ದಾಖಲೆ. ಮಾಸ್ತರರು ಹಳೆಯ ಪ್ಯಾಂಟಿನಲ್ಲಿ ಮುಕ್ಕಾಲಿಯ ಮೇಲೆ ಕೂತು ಐದೈದು ನಿಮಿಷಕ್ಕೆ ಹೊತ್ತು ಹೇಳುತ್ತಿದ್ದರು. ಐದು ಗಂಟೆ ಹೊಡೆದಾಗ ಯಾರೂ ತಲೆಯೆತ್ತಲಿಲ್ಲ. ಐದು ಏಳಕ್ಕೆ ಪ್ಯಾಂಟು ಸಿದ್ಧವಾಯಿತು. ಉಳಿದ ಮೂರು ನಿಮಿಷದಲ್ಲಿ ಟೈಲರು ತಾನೇ ಮಿಷನ್ನಿ‌ನ ಮುಂದೆ ಕೂತು, ಉಳಿದ ತುಂಡಿನಲ್ಲಿ ಒಂದು ಚೀಲ ಹೊಲಿದ. ಹೊಲಿದು ವರ್ಷಗಳಾಗಿದ್ದರಿಂದ ಒಂದು ಹಿಡಿ ಉದ್ದ, ಇನ್ನೊಂದು ಗಿಡ್ಡವಾಯಿತು. ಮಾಸ್ತರರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎದುರಂಗಡಿಯ ಕಡೆ ನೋಡದೆ, ನೆಟ್ಟಗೆ ಸ್ಟೇಷನ್ನಿನ ದಾರಿ ಹಿಡಿದರು.

ಆ ಫೋಟೋ ಈಗಲೂ ವೇಟಿಂಗ್ ರೂಮಿನಲ್ಲಿದೆ. ಎಲ್ಲರಿಗಿಂತ ಎತ್ತರದವರೆಂದು ಮಾಸ್ತರರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ, ಪ್ಯಾಂಟಿನ ಒಂದು ಎಳೆಯೂ ಕಾಣುವುದಿಲ್ಲ. ಆದರೆ ಸೊಟ್ಟ ಹಿಡಿಯ ಬೂದು ಚೀಲವೊಂದನ್ನು ಅವರು ಎದೆಗೆ ಒತ್ತಿ ಹಿಡಿದುಕೊಂಡಿದ್ದಾರೆ. ಅದು ಏನೆಂದು ರೈಲು ಕಾಯುವವರಿಗೆ ಇವತ್ತಿಗೂ ಗೊತ್ತಿಲ್ಲ.

ಹದಿನಾರನೇ ತಾರೀಖು ಟೈಲರು ಎಂದಿನಂತೆ ಬೇಗ ಎದ್ದ. ಬೇಡ ಬೇಡವೆಂದುಕೊಂಡೇ ಗಡ್ಡ ಹೆರೆದ. ಅಂಗಿ ಮಾತ್ರ ಮಾಮೂಲಿಯದೇ ತೊಟ್ಟ. ಹೆಂಡತಿ ಅದನ್ನು ಕಳಚಿಸಿ, ಇಸ್ತ್ರಿ ಮಾಡಿದ್ದನ್ನು ಕೊಟ್ಟಳು. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆರು ಐವತ್ತೊಂಬತ್ತು. ಅವನು ಅದರಿಂದ ಮುಖ ತಿರುಗಿಸಿ ಕೂತ.

ಏಳಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು.

"ಗಮನಿಸಿ" ಎಂದಿತು ಗಂಟಲು ಸರಿಮಾಡಿಕೊಂಡ ಒಂದು ದೊಡ್ಡ ಧ್ವನಿ. ಹಿಂದೆ ಪ್ಲಾಟ್‌ಫಾರಂ ತುಂಬ ಕೇಳಿಸುತ್ತಿದ್ದ ಧ್ವನಿ ಅದು, ಆರು ವರ್ಷದಿಂದ ಸುಮ್ಮನಿತ್ತು. "ದಯವಿಟ್ಟು ಗಮನಿಸಿ. ನಾಳೆ ಟೈಲರ ಹುಟ್ಟುಹಬ್ಬ ಸರಿಯಾದ ಸಮಯಕ್ಕೆ ಒಂದನೇ ಪ್ಲಾಟ್‌ಫಾರಮ್ಮಿಗೆ ಬಂದು ನಿಂತಿದೆ. ಪ್ರಯಾಣ ಸುಖಕರವಾಗಲಿ."

ಟೈಲರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿ ಬಂತು. ಹೆಂಡತಿ ಬಾಗಿಲಿಗೆ ಒರಗಿ ನಗುತ್ತಿದ್ದಳು.

"ಹಲೋ, ಇದ್ದೀರಾ?" ಎಂದರು ಮಾಸ್ತರರು, ಈಗ ತಮ್ಮ ಮಾಮೂಲಿ ಸಣ್ಣ ದನಿಯಲ್ಲಿ. "ಅದಿರಲಿ, ಹೋದ ತಿಂಗಳು ಒಂದು ಕರೀ ಪ್ಯಾಂಟು ಕೊಟ್ಟಿದ್ದೆನಲ್ಲ, ಆಲ್ಟರ್ ಮಾಡೋಕೆ. ಯಾವಾಗ ಬರಲಿ?"

"ನಾಳೆ" ಎಂದುಬಿಟ್ಟು ಟೈಲರು ನಾಲಗೆ ಕಚ್ಚಿಕೊಂಡ. "ಅಲ್ಲ, ಅಲ್ಲ ಸಾರ್. ಇವತ್ತೇ ಬನ್ನಿ. ರೆಡಿ ಇದೆ!"

ರೆಡಿ ಎಲ್ಲಿತ್ತು? ಫೋನಿಟ್ಟವನೇ, ಇಸ್ತ್ರಿಯ ಅಂಗಿಯಲ್ಲೇ, ಮಿಷನ್ನಿನ ಕಡೆ ಓಡಿದ.